ಐಡಿ ಬ್ಲಾಕ್ ಆಗಿದೆ, ಮುಂದೇನು?

ಪ್ರಶ್ನೆ: ಬಿಟಿಎಂ ಲೇಔಟ್‌ನಲ್ಲಿ ಮೂರು ವರ್ಷದಿಂದ ಊಟದ ಡೆಲಿವರಿ ಮಾಡುತ್ತಿದ್ದೇನೆ. ಗ್ರಾಹಕರೊಬ್ಬರು ದೂರು ಕೊಟ್ಟರೆಂದು ಏನೂ ವಿಚಾರಿಸದೆ ಐಡಿ ಬ್ಲಾಕ್ ಮಾಡಿದ್ದಾರೆ. ವಾರದ ದುಡ್ಡೂ ಬಂದಿಲ್ಲ. ಬೈಕ್ ಸಾಲದ ಕಂತು ಹತ್ತಿರ ಬಂತು. ಏನು ಮಾಡಲಿ?

ವಕೀಲರ ಉತ್ತರ: ನಮ್ಮ ರಾಜ್ಯದಲ್ಲಿ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ಅದರಂತೆ ಕೆಲಸದಿಂದ ತೆಗೆಯಲು ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಕೊಡಬೇಕು. ಯಾರಿಗಾದರೂ ದೈಹಿಕ ಹಾನಿಯಾದ ಪ್ರಕರಣಕ್ಕೆ ಮಾತ್ರ ವಿನಾಯಿತಿ. ದುಡಿದ ಹಣ ವಾರಕ್ಕೊಮ್ಮೆಯಾದರೂ ಕೈಸೇರಬೇಕು; ಕಡಿತವಾಗಿದ್ದರೆ ಕಾರಣ ತೋರಿಸಬೇಕು.

ಇವತ್ತೇ ಮಾಡಬೇಕಾದದ್ದು: ಬ್ಲಾಕ್ ಸಂದೇಶ, ಆ ದಿನದ ಆರ್ಡರ್ ವಿವರ, ಕಳೆದ ವಾರಗಳ ಗಳಿಕೆಯ ಪುಟ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆ್ಯಪ್ ಪೂರ್ತಿ ಮುಚ್ಚಿದರೆ ಇವು ಸಿಗುವುದಿಲ್ಲ. ನಂತರ ಕಾರಣ ಮತ್ತು ಬಾಕಿ ಹಣ ಕೇಳಿ ಕಂಪನಿಗೆ ಇಮೇಲ್ ಕಳಿಸಿ. ಬಾಯಿಮಾತು ಸಾಲದು.

ಉತ್ತರ ಬಾರದಿದ್ದರೆ ಕಂಪನಿಯ ಆಂತರಿಕ ವಿವಾದ ಪರಿಹಾರ ಸಮಿತಿಗೆ ಅಥವಾ ಸರ್ಕಾರದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು. ವಿಚಾರಿಸಲು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ನಿಮಗೆ ಹತ್ತಿರ. ಗಿಗ್ ಕಾರ್ಮಿಕರಾಗಿ ಹೆಸರು ನೋಂದಾಯಿಸದಿದ್ದರೆ ಅಲ್ಲೇ ಮಾಹಿತಿ ಪಡೆಯಿರಿ.

ಕಂತಿನ ದಿನಕ್ಕೆ ಮೊದಲೇ ಬ್ಯಾಂಕಿಗೆ ಹೋಗಿ ಲಿಖಿತವಾಗಿ ಕಾಲಾವಕಾಶ ಕೇಳಿ.

ಗ್ರಾಹಕರು ಪೊಲೀಸರಿಗೆ ದೂರು ಕೊಟ್ಟಿದ್ದರೆ ಹೇಳಿಕೆ ಕೊಡುವ ಮುನ್ನ ವಕೀಲರನ್ನು ಕಾಣಿ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದಿದ್ದರೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ಈ ಮಧ್ಯೆ ಬೇರೆಯವರ ಐಡಿಯಲ್ಲಿ ಮಾತ್ರ ಗಾಡಿ ಓಡಿಸಬೇಡಿ. ಅದು ನಿಮ್ಮ ದೂರಿನ ಬಲವನ್ನೇ ಕುಗ್ಗಿಸುತ್ತದೆ.