ಮೋಟಾರ್ ಸೈಕಲ್ಲಿನ ಹಿಂಬದಿಯ ದೀಪಗಳು: ದೋಷವನ್ನು ಕಂಡುಹಿಡಿಯುವ ಕ್ರಮ

ಬೆಳಗಿನ ಜಾವದಲ್ಲಿ ಹಾಲಿನ ಕ್ಯಾನುಗಳನ್ನು ಡೈರಿಗೂ, ತರಕಾರಿಯ ಮೂಟೆಗಳನ್ನು ಸಂತೆಗೂ ಸಾಗಿಸುವುದಕ್ಕೆ ರೈತರು ಈಗ ಮೋಟಾರ್ ಸೈಕಲ್ಲನ್ನು ಹೇರಳವಾಗಿ ಬಳಸುತ್ತಿರುವರು. ಇಂತಹ ಪ್ರಯಾಣಗಳಲ್ಲಿ ಹಲವು ಕತ್ತಲೆಯಲ್ಲಿಯೇ ನಡೆಯುವುವು. ಮುಂಬದಿಯ ದೀಪವು ಕೆಟ್ಟರೆ ಸವಾರನಿಗೆ ಕೂಡಲೇ ತಿಳಿಯುವುದು. ಹಿಂಬದಿಯದು ಕೆಟ್ಟರೆ ಅವನಿಗೆ ತಿಳಿಯುವುದೇ ಇಲ್ಲ. ಘಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುವ ಲಾರಿಯು ಒಂದು ಸೆಕೆಂಡಿನಲ್ಲಿ ೧೬ ಮೀಟರಿಗಿಂತ ಹೆಚ್ಚು ದೂರವನ್ನು ಕ್ರಮಿಸುವುದು. ಆದುದರಿಂದ ಕೆಂಪು ದೀಪವು ಒಂದು ಕ್ಷಣ ತಡವಾಗಿ ಕಂಡರೂ ಪ್ರಾಣಕ್ಕೆ ಅಪಾಯವುಂಟು. ರಾತ್ರಿಕಾಲದಲ್ಲಿ ಈ ದೀಪವು ಉರಿಯುತ್ತಿರಬೇಕೆಂದು ೧೯೮೯ನೆಯ ಇಸವಿಯ ಕೇಂದ್ರ ಮೋಟಾರು ವಾಹನ ನಿಯಮಗಳೂ ವಿಧಿಸಿರುವುವು.

ದೀಪವು ಕೆಟ್ಟೊಡನೆ ಹೊಸ ಬಲ್ಬನ್ನು ಕೊಂಡು ಹಾಕುವುದು ವಾಡಿಕೆ. ಆದರೆ ಅನೇಕ ವೇಳೆ ದೋಷವು ಬಲ್ಬಿನಲ್ಲಿರದೆ, ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುವ ದಾರಿಯಲ್ಲಿ, ಎಂದರೆ ಅರ್ತಿನಲ್ಲಿ, ಇರುವುದು. ಕ್ರಮವಾಗಿ ಪರೀಕ್ಷಿಸಿದರೆ ವ್ಯರ್ಥವಾದ ವೆಚ್ಚವು ತಪ್ಪುವುದು.

೧. ರಚನೆ

೧೨ ವೋಲ್ಟಿನ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸನ್ನೂ ಬೀಗದ ಸ್ವಿಚ್ಚನ್ನೂ ದಾಟಿ ಎರಡು ಕವಲಾಗುವುದು. ಒಂದು ಕವಲು ಹಿಂಬದಿಯ ದೀಪಕ್ಕೂ, ಇನ್ನೊಂದು ಬ್ರೇಕ್ ಸ್ವಿಚ್ಚಿನ ಮೂಲಕ ಬ್ರೇಕ್ ದೀಪಕ್ಕೂ ಹೋಗುವುದು. ಕಾಲಿನ ಪೆಡಲಿಗೆ ಒಂದು ಸ್ವಿಚ್ಚು ಇರುವುದು. ಅನೇಕ ವಾಹನಗಳಲ್ಲಿ ಕೈಹಿಡಿಗೂ ಒಂದಿರುವುದು. ಸಾಮಾನ್ಯವಾದ ಬಲ್ಬಿನೊಳಗೆ ಎರಡು ಎಳೆಗಳುಂಟು. ಹಿಂಬದಿಯ ದೀಪದ ಎಳೆಯು ೫ ವಾಟಿನದು, ಬ್ರೇಕ್ ದೀಪದ ಎಳೆಯು ೨೧ ವಾಟಿನದು. ಮೊದಲನೆಯದಕ್ಕೆ ಸುಮಾರು ೦.೪ ಆಂಪಿಯರ್, ಎರಡನೆಯದಕ್ಕೆ ಸುಮಾರು ೧.೭೫ ಆಂಪಿಯರ್ ಪ್ರವಾಹವು ಬೇಕು. ಎರಡಕ್ಕೂ ಹಿಂದಿರುಗುವ ದಾರಿಯು ಒಂದೇ.

೨. ಲಕ್ಷಣಗಳು ಮತ್ತು ಕಾರಣಗಳು

(ಅ) ಎರಡರಲ್ಲಿ ಒಂದು ದೀಪ ಮಾತ್ರ ಉರಿಯದಿದ್ದರೆ ಬಲ್ಬಿನ ಆ ಎಳೆಯು ಕಡಿದಿದೆಯೇ ಎಂದು ಮೊದಲು ನೋಡತಕ್ಕದ್ದು. ಕೈಹಿಡಿಯನ್ನು ಅದುಮಿದಾಗ ಬ್ರೇಕ್ ದೀಪವು ಉರಿದು, ಪೆಡಲನ್ನು ತುಳಿದಾಗ ಉರಿಯದಿದ್ದರೆ, ಪೆಡಲಿನ ಸ್ವಿಚ್ಚಾಗಲಿ ಅದನ್ನೆಳೆಯುವ ಸ್ಪ್ರಿಂಗಾಗಲಿ ಕೆಟ್ಟಿರುವುದು.

(ಆ) ಬ್ರೇಕ್ ಹಿಡಿಯದಿದ್ದರೂ ಬ್ರೇಕ್ ದೀಪವು ಉರಿಯುತ್ತಲೇ ಇದ್ದರೆ, ಪೆಡಲಿನ ಸ್ವಿಚ್ಚನ್ನು ಅತಿಯಾಗಿ ಬಿಗಿಮಾಡಿರಬಹುದು, ಇಲ್ಲವೆ ಕೆಸರು ತುಕ್ಕುಗಳಿಂದ ಪೆಡಲು ಹಿಂದಕ್ಕೆ ಬಾರದಿರಬಹುದು. ಈ ದೋಷವನ್ನು ಅಲ್ಪವೆಂದು ಬಿಡಕೂಡದು. ಸದಾ ಉರಿಯುವ ದೀಪವು ಹಿಂದಿನವರಿಗೆ ಯಾವ ಸೂಚನೆಯನ್ನೂ ಕೊಡಲಾರದು.

(ಇ) ಹಿಂಬದಿಯ ದೀಪವು ಚೆನ್ನಾಗಿ ಉರಿಯುತ್ತಿದ್ದು, ಬ್ರೇಕ್ ಹಿಡಿದೊಡನೆ ಮಂಕಾದರೆ ದೋಷವು ಬಹುಮಟ್ಟಿಗೆ ಅರ್ತಿನಲ್ಲಿದೆಯೆಂದು ತಿಳಿಯಬೇಕು. ಹೂಳು ತುಂಬಿದ ಬಸಿಗಾಲುವೆಯು ಸ್ವಲ್ಪ ನೀರನ್ನು ಸಾಗಿಸಬಲ್ಲುದು. ನೀರು ಹೆಚ್ಚಾದಾಗ ಗದ್ದೆಯಲ್ಲಿಯೇ ನಿಲ್ಲುವುದು. ಹಾಗೆಯೇ ಕಿಲುಬು ಹಿಡಿದ ಅರ್ತು ೦.೪ ಆಂಪಿಯರನ್ನು ಹೇಗೋ ಸಾಗಿಸುವುದು. ಬ್ರೇಕ್ ದೀಪದ ಪ್ರವಾಹವೂ ಸೇರಿದಾಗ ಸಾಗಿಸಲಾರದೆ ಎರಡು ದೀಪಗಳೂ ಸೊರಗುವುವು. ಇಲ್ಲಿ ಹೊಸ ಬಲ್ಬನ್ನು ಹಾಕಿ ಪ್ರಯೋಜನವಿಲ್ಲ.

(ಈ) ಫ್ಯೂಸು ಪದೇಪದೇ ಸುಟ್ಟುಹೋದರೆ ಎಲ್ಲಿಯೋ ತಂತಿಯ ಹೊದಿಕೆ ಸವೆದು ಚೌಕಟ್ಟಿಗೆ ತಾಗುತ್ತಿರುವುದು. ಬ್ರೇಕ್ ಹಿಡಿದಾಗ ಮಾತ್ರ ಸುಟ್ಟರೆ ಬ್ರೇಕ್ ದೀಪದ ತಂತಿಯನ್ನು ಹುಡುಕತಕ್ಕದ್ದು. ಸೀಟಿನ ಕೆಳಗೆ, ಮಡ್‌ಗಾರ್ಡಿನ ಅಂಚಿನಲ್ಲಿ, ಮೂಟೆ ಕಟ್ಟುವ ಕ್ಯಾರಿಯರಿನ ಬುಡದಲ್ಲಿ ಈ ಸವೆತವು ಸಾಮಾನ್ಯ. ಫ್ಯೂಸಿಗೆ ಬದಲಾಗಿ ತಾಮ್ರದ ತಂತಿಯನ್ನು ಸುತ್ತುವ ರೂಢಿಯು ಅತ್ಯಂತ ಅಪಾಯಕರವಾದುದು. ಆಗ ಫ್ಯೂಸು ಸುಡುವ ಬದಲು ತಂತಿಗಳೇ ಕಾದು ವಾಹನಕ್ಕೆ ಬೆಂಕಿ ಹತ್ತಬಹುದು.

೩. ಪರೀಕ್ಷೆಯ ವಿಧಾನ

೧೨ ವೋಲ್ಟಿನ ಒಂದು ಚಿಕ್ಕ ಬಲ್ಬಿಗೆ ಎರಡು ಉದ್ದವಾದ ತಂತಿಗಳನ್ನು ಬೆಸೆದರೆ ಪರೀಕ್ಷಾದೀಪವು ಸಿದ್ಧವಾಗುವುದು. ಒಂದು ತಂತಿಯನ್ನು ಬ್ಯಾಟರಿಯ ಋಣ ತುದಿಗೆ ಸೇರಿಸಿ, ಇನ್ನೊಂದನ್ನು ಬಲ್ಬು ತೆಗೆದ ಹೋಲ್ಡರಿನ ತಳದಲ್ಲಿರುವ ಎರಡು ಬಿಂದುಗಳಿಗೆ ಬೇರೆ ಬೇರೆಯಾಗಿ ಮುಟ್ಟಿಸಬೇಕು. ಬೀಗ ತಿರುಗಿಸಿ ದೀಪದ ಸ್ವಿಚ್ಚನ್ನು ಹಾಕಿದಾಗ ಒಂದು ಬಿಂದುವಿನಲ್ಲಿಯೂ, ಬ್ರೇಕ್ ಹಿಡಿದಾಗ ಇನ್ನೊಂದರಲ್ಲಿಯೂ ಪರೀಕ್ಷಾದೀಪವು ಉರಿಯಬೇಕು. ಉರಿಯದಿದ್ದರೆ ಫ್ಯೂಸು, ಸ್ವಿಚ್ಚು, ತಂತಿಯ ಕೂಡಿಕೆಗಳನ್ನು ಒಂದೊಂದಾಗಿ ನೋಡುತ್ತ ಬ್ಯಾಟರಿಯ ಕಡೆಗೆ ಬರತಕ್ಕದ್ದು. ಹಳೆಯ ಕೆಲವು ಚಿಕ್ಕ ವಾಹನಗಳಲ್ಲಿಯೂ, ೨೦೧೭ನೆಯ ಇಸವಿಯ ಏಪ್ರಿಲಿನಿಂದೀಚೆಗೆ ಬಂದ, ದೀಪದ ಸ್ವಿಚ್ಚಿಲ್ಲದ ಅನೇಕ ವಾಹನಗಳಲ್ಲಿಯೂ ಎಂಜಿನ್ನು ನಡೆಯುತ್ತಿದ್ದರೆ ಮಾತ್ರ ಹಿಂಬದಿಯ ದೀಪಕ್ಕೆ ವಿದ್ಯುತ್ತು ಬರುವುದೆಂಬುದನ್ನು ಮರೆಯಬಾರದು.

ಅರ್ತಿನ ಪರೀಕ್ಷೆಯು ಇನ್ನೂ ಸುಲಭ. ಬಲ್ಬನ್ನು ಹಾಕಿ, ಬೇರೊಂದು ತಂತಿಯನ್ನು ಬ್ಯಾಟರಿಯ ಋಣ ತುದಿಯಿಂದ ಹೋಲ್ಡರಿನ ಲೋಹಕ್ಕೆ ಮುಟ್ಟಿಸಬೇಕು. ಮಂಕಾಗಿದ್ದ ದೀಪವು ಒಡನೆ ಪ್ರಕಾಶಿಸಿದರೆ ದೋಷವು ಅರ್ತಿನದೆಂಬುದು ನಿಶ್ಚಯ. ಆಗ ಅರ್ತ್ ತಂತಿಯ ತುದಿಯನ್ನೂ ಚೌಕಟ್ಟಿನ ಬೋಲ್ಟನ್ನೂ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ಸ್ವಲ್ಪ ಗ್ರೀಸನ್ನು ಸವರಿದರೆ ಸಾಕು. ಬಲ್ಬನ್ನು ಬದಲಿಸಲಾಗದ ಎಲ್‌ಇಡಿ ದೀಪಗಳಲ್ಲಿ ವಿದ್ಯುತ್ತೂ ಅರ್ತೂ ಸರಿಯಾಗಿದ್ದು ದೀಪವು ಉರಿಯದಿದ್ದರೆ ಇಡೀ ದೀಪವನ್ನೇ ಬದಲಿಸಬೇಕಾಗುವುದು.

೪. ದೋಷವು ಬಾರದಂತೆ ಎಚ್ಚರಿಕೆ

ರಸಗೊಬ್ಬರವು ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುವುದು. ಗೊಬ್ಬರದ ಚೀಲವನ್ನು ಹೇರಿದ ದಿನ ಕ್ಯಾರಿಯರನ್ನೂ ದೀಪದ ಸುತ್ತಲನ್ನೂ ತೊಳೆದು ಒರೆಸಬೇಕು. ಕಾಳಿನ ಚೀಲಗಳ ಬಳಿಯಲ್ಲಿಯೂ ಹುಲ್ಲಿನ ಕೊಟ್ಟಿಗೆಯಲ್ಲಿಯೂ ವಾಹನವನ್ನು ನಿಲ್ಲಿಸಿದರೆ ಇಲಿಗಳು ತಂತಿಯನ್ನು ಕಡಿಯುವುವು. ಹೇರಿದ ಮೂಟೆಯು ದೀಪವನ್ನು ಮರೆಮಾಡಿದರೆ ದೀಪವಿದ್ದೂ ಇಲ್ಲದಂತೆಯೇ ಸರಿ.

ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಮನೆಯ ಮತ್ತು ಆಳುಗಳ ವಾಹನಗಳನ್ನು ವಾರಕ್ಕೊಂದು ಸಲವಾದರೂ ಸಂಜೆ ಗೋಡೆಗೆ ಬೆನ್ನುಮಾಡಿ ನಿಲ್ಲಿಸಿ, ದೀಪ ಹಾಕಿ, ಬ್ರೇಕನ್ನು ಹಿಡಿದು ನೋಡುವ ಪದ್ಧತಿಯನ್ನು ಆರಂಭಿಸುವುದು ಉತ್ತಮ. ಗೋಡೆಯ ಮೇಲೆ ಬೀಳುವ ಕೆಂಪು ಬೆಳಕಿನಿಂದಲೇ ದೀಪದ ಸ್ಥಿತಿಯು ತಿಳಿಯುವುದು. ಇದಕ್ಕೆ ಹಿಡಿಯುವ ಕಾಲ ಎರಡು ನಿಮಿಷ. ಖರ್ಚು ಏನೂ ಇಲ್ಲ.