ಮೈಲುತುತ್ತಿನಿಂದಲೇ ಪಾಠ ಶುರುಮಾಡಿ



ಬಿ.ಎ., ಬಿ.ಕಾಂ. ಮಕ್ಕಳಿಗೆ ರಸಾಯನಶಾಸ್ತ್ರ ಎಂದರೆ ಮುಖ ಬಾಡುತ್ತದೆ ಎಂದು ಬರೆದಿದ್ದೀರಿ. ಕೊಲ್ಲಮೊಗ್ರು ಕಡೆಯ ಮಕ್ಕಳಲ್ಲವೇ? ಹಾಗಾದರೆ ಪರಮಾಣು ರಚನೆ ಸ್ವಲ್ಪ ಕಾಯಲಿ, ಅಡಿಕೆಗೆ ಮದ್ದು ಬಿಡುವಲ್ಲಿಂದ ಹೊರಡಿ. ಆ ಮದ್ದಾದ ಬೋರ್ಡೋ ದ್ರಾವಣದ ಅಳತೆ ಹಲವರಿಗೆ ಮನೆಯಲ್ಲೇ ಗೊತ್ತಿರುತ್ತದೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಶೇಕಡಾ 1ರ ದ್ರಾವಣ ಎಂದರೇನೆಂದು ಬೇರೆ ವಿವರಿಸಬೇಕಿಲ್ಲ.

ಆಮೇಲೆ ಕೇಳಿ, ಆ ಒಂದು ಕಿಲೋ ಮೈಲುತುತ್ತಿನಲ್ಲಿ ತಾಮ್ರ ಎಷ್ಟು? ಸುಮಾರು ಕಾಲು ಕಿಲೋ. ನೀರೇ 360 ಗ್ರಾಂ! ಪ್ರನಾಳದಲ್ಲಿ ಹರಳು ಕಾಯಿಸಿ ತೋರಿಸಿ. ನೀಲಿ ಹೋಗಿ ಬಿಳಿಯಾಗುತ್ತದೆ. ಆರಿದ ಮೇಲೆ ಹನಿ ನೀರು ಬಿದ್ದರೆ ಮತ್ತೆ ನೀಲಿ. ಲೆಕ್ಕ ಬಲ್ಲ ವಾಣಿಜ್ಯದ ಮಕ್ಕಳು ಅಣುತೂಕಕ್ಕೆ ಇಲ್ಲಿಂದ ಸಲೀಸಾಗಿ ಬರುತ್ತಾರೆ.

ನನಗೆ ಬಹಳ ಇಷ್ಟದ್ದು ಕತ್ತಿ ಪರೀಕ್ಷೆ. ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿದಾಗ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಕೂತದ್ದು ತಾಮ್ರ, ಕಬ್ಬಿಣ ತಾನು ಕರಗಿ ಅದನ್ನು ಹೊರಹಾಕಿದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರ ಕರಗದ ರೂಪ ತಾಳುತ್ತದೆ, ಕತ್ತಿಗೆ ಅಂಟುವುದಿಲ್ಲ, ಗೊನೆಯ ಮೇಲಿಂದ ಮಳೆಗೆ ಬೇಗ ತೊಳೆದೂ ಹೋಗುವುದಿಲ್ಲ. ಆಮ್ಲ, ಕ್ಷಾರ, ಪ್ರಕ್ಷೇಪ ಎಲ್ಲವೂ ಒಂದೇ ಬಕೆಟ್ಟಿನಲ್ಲಿವೆ. ಬಕೆಟ್ ಪ್ಲಾಸ್ಟಿಕ್ಕಿನದೇ ಇರಲಿ. ಯಾಕೆಂದು ಮಕ್ಕಳೇ ಹೇಳಲಿ.

ಇತಿಹಾಸ ಓದುವವರಿಗೆ 1885ರಲ್ಲಿ ಬೋರ್ಡೋ ದ್ರಾವಣವನ್ನು ಜಗತ್ತಿಗೆ ತಿಳಿಸಿದ ಫ್ರಾನ್ಸಿನ ಮಿಲಾರ್ಡೆ, ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದ ಲೆಸ್ಲಿ ಕೋಲ್ಮನ್ ಕತೆ ಹೇಳಿ. ರಬ್ಬರ್ ಹಾಲನ್ನು ಫಾರ್ಮಿಕ್ ಆಸಿಡ್ ಹೆಪ್ಪುಗಟ್ಟಿಸುವುದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ. ಎರಡಕ್ಕೂ ಕೈಗವಸು, ಕನ್ನಡಕ ಕಡ್ಡಾಯ.