ಸಿನಿಮಾ ನೋಡಿ ಬಂದ ಮೇಲೆ

ಮೈಸೂರಿನಲ್ಲಿ ನಾವೊಂದಷ್ಟು ಸಿನಿಮಾ ಹುಚ್ಚಿನವರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಆ ತಿಂಗಳು ಯಾರು ಏನು ನೋಡಿದರೋ ಅದರ ಬಗ್ಗೆ ಮಾತಾಡುವುದೇ ಕಾರ್ಯಕ್ರಮ. ನಿವೃತ್ತ ಗ್ರಾಮಲೆಕ್ಕಿಗರೊಬ್ಬರಿದ್ದಾರೆ, ಹೈಸ್ಕೂಲು ಮೇಷ್ಟ್ರೊಬ್ಬರಿದ್ದಾರೆ, ಕೊಪ್ಪಳದ ಕಡೆಯಿಂದ ಬಂದು ಇಲ್ಲಿ ನರ್ಸ್ ಆಗಿರುವ ಅಕ್ಕ ಒಬ್ಬರಿದ್ದಾರೆ, ಇಂಜಿನಿಯರಿಂಗ್ ಓದುವ ಹುಡುಗರಿದ್ದಾರೆ. ಥಿಯೇಟರಿನದೋ ಓಟಿಟಿಯದೋ, ಹಳೆಯದೋ ಹೊಸದೋ ಎಂಬ ಭೇದವಿಲ್ಲ. ಈ ಕೂಟ ನನಗೆ ಸಿನಿಮಾ ನೋಡುವುದನ್ನು ಮಾತ್ರವಲ್ಲ, ನೋಡಿದ್ದನ್ನು ಹೇಳುವುದನ್ನೂ ಕಲಿಸಿದೆ. ಹಾಗೆ ಕಲಿತದ್ದರಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಕಂಡದ್ದನ್ನು ಮೊದಲು ಹೇಳಬೇಕು, ಅನಿಸಿದ್ದನ್ನು ಆಮೇಲೆ. ‘ಸೂಪರ್’ ಎಂದರೂ ‘ಬೋರು’ ಎಂದರೂ ಮಾತು ಅಲ್ಲಿಗೇ ಮುಗಿಯುತ್ತದೆ. ಕೇಳಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ದೃಶ್ಯದಿಂದ ಶುರುಮಾಡಬೇಕೆಂಬ ರೂಢಿ ಬಂತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಕಪ್ಪು ಬಿಳುಪು ಚಿತ್ರ, ಸ್ವರ್ಣಕಮಲ ಪಡೆದದ್ದು. ಅದರ ಪುನರುಜ್ಜೀವನಗೊಳಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾದ ಸುದ್ದಿ ಓದಿ ನಮ್ಮ ಹುಡುಗನೊಬ್ಬ ಹುಡುಕಿಕೊಂಡು ನೋಡಿದ. ಅವನ ವಯಸ್ಸಿನವರು ಆ ಚಿತ್ರವನ್ನು ನಿಧಾನ ಎಂದುಬಿಡುವುದು ಸುಲಭ. ರೂಢಿಯಂತೆ ದೃಶ್ಯದಿಂದ ಶುರುಮಾಡಬೇಕಿತ್ತಲ್ಲ, ಯಮುನಕ್ಕನ ಹಿಂದೆ ಹಿಂದೆ ಓಡಾಡುವ ಪುಟ್ಟ ನಾಣಿಯ ಬಗ್ಗೆ ಹೇಳತೊಡಗಿದ. ‘ದೊಡ್ಡವರು ಗುಸುಗುಸು ಮಾತಾಡ್ತಾ ಇರ್ತಾರೆ, ಅವನಿಗೆ ಪೂರ್ತಿ ಅರ್ಥ ಆಗಲ್ಲ. ಅವನಿಗೆ ಎಷ್ಟು ಗೊತ್ತೋ ಅಷ್ಟೇ ನಮಗೂ ಗೊತ್ತಾಗೋದು. ಅದಕ್ಕೇ ಅಷ್ಟು ಭಯ ಆಗುತ್ತೆ’ ಎಂದ. ಆ ಚಿತ್ರದ ಜೀವ ಇರುವುದೇ ಅಲ್ಲಿ. ಯಾವ ಪುಸ್ತಕವನ್ನೂ ಓದದೆ ಅವನು ಅಲ್ಲಿಗೆ ತಲುಪಿದ್ದ.

ಎರಡನೆಯದು, ಪ್ರತಿಯೊಬ್ಬ ಪ್ರೇಕ್ಷಕನಿಗೂ ತನ್ನದೇ ಒಂದು ತಿಳಿವಳಿಕೆ ಇರುತ್ತದೆ, ಅದನ್ನು ಕೇಳಿಸಿಕೊಳ್ಳಬೇಕು. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಚಿತ್ರ. ಮಂಡ್ಯ ಸೀಮೆಯ ಹಳ್ಳಿಯ ಜನರೇ, ಹಿಂದೆಂದೂ ನಟಿಸದವರು, ಅದರಲ್ಲಿ ಪಾತ್ರ ಮಾಡಿದ್ದಾರೆ. ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ನಾವೆಲ್ಲ ಅದರ ಹಾಸ್ಯವನ್ನೇ ನೆನೆದು ನಗುತ್ತಿದ್ದಾಗ ಗ್ರಾಮಲೆಕ್ಕಿಗರು ತಣ್ಣಗೆ ಹೇಳಿದರು: ‘ಅಜ್ಜ ಸತ್ತರೆ ಜಮೀನು ಮೊದಲು ಮಗನಿಗೆ ಬರಬೇಕು ಕಣಪ್ಪ. ಅವನು ಬದುಕಿರೋವಾಗ ಮೊಮ್ಮಗ ಹೆಂಗೆ ಮಾರ್ತಾನೆ? ಪೌತಿ ಖಾತೆಗೆ ಅಂತ ಇಂಥವರು ನನ್ನ ಹತ್ರ ಎಷ್ಟು ಜನ ಬಂದಿದ್ದಾರೆ ಗೊತ್ತಾ.’ ಬದುಕಿರುವ ಅಪ್ಪನಿಗೆ ಮರಣ ಪ್ರಮಾಣಪತ್ರ ಮಾಡಿಸುವ ಮಟ್ಟಕ್ಕೆ ತಮ್ಮಣ್ಣ ಯಾಕೆ ಇಳಿಯುತ್ತಾನೆಂಬುದು ಅಂದು ನಮಗೆ ಬಿಡಿಸಿ ಹೇಳಿದಂತಾಯಿತು. ನಕ್ಕ ದೃಶ್ಯದೊಳಗೇ ಒಂದು ಮನೆತನದ ಇಕ್ಕಟ್ಟಿತ್ತು.

ನರ್ಸ್ ಅಕ್ಕನಿಂದಲೂ ಹಾಗೇ ಆಯಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2024ರಲ್ಲಿ ನಮ್ಮ ಥಿಯೇಟರುಗಳಿಗೆ ಬಂತು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ ಚೈನ್ ಮಾರ್ಕೆಟಿಂಗಿಗೆ ಹಣ ಹಾಕಿ, ಶಕ್ತಿವರ್ಧಕ ಪುಡಿಯನ್ನು ಊರೆಲ್ಲ ಮಾರಲು ಹೊರಡುವ ಕಥೆ. ನಮ್ಮಲ್ಲೊಬ್ಬರು, ಆಕೆಯದು ದುರಾಸೆ ಎಂದರು. ಅಕ್ಕ ಸುಮ್ಮನಿರಲಿಲ್ಲ. ‘ಹಂಗ ಅನ್ನಬ್ಯಾಡ್ರಿ. ನಮ್ಮ ಕಡೆ ಹೆಣ್ಮಕ್ಕಳು ಸಂಘದಾಗ ಸಾಲ ತಗೊಂಡು ಹಿಂಗ ರೊಕ್ಕ ಹಾಕ್ತಾರ. ಮನಿ ನಡಸಾಕ ಅಕಿಗೆ ಬ್ಯಾರೆ ದಾರಿ ಎಲ್ಲೈತಿ?’ ಎಂದರು. ಆಮೇಲೆ ಶಿವಮ್ಮನ ನಡಿಗೆ, ಮನೆ ಮನೆಯ ಕಟ್ಟೆಯ ಮೇಲೆ ಕೂತು ಅವಳು ಮಾತಿಗೆ ಎಳೆಯುವ ರೀತಿ, ಒಂದೊಂದನ್ನೂ ಬಿಡಿಸಿ ಹೇಳಿದರು. ಆ ಚಿತ್ರವನ್ನು ನಾನು ಮತ್ತೊಮ್ಮೆ ನೋಡಿದ್ದು ಅಕ್ಕನ ಮಾತು ಕೇಳಿಯೇ.

ಮೂರನೆಯದು, ಪಾತ್ರದ ಮೇಲಿನ ಸಿಟ್ಟನ್ನೂ ಚಿತ್ರದ ಮೇಲಿನ ಸಿಟ್ಟನ್ನೂ ಬೇರೆ ಬೇರೆ ಇಡಬೇಕು. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗಗಳಾಗಿ ಬಂದಾಗ ನಮ್ಮಲ್ಲಿ ಜಗಳವೇ ಆಯಿತು. ಹಣದ ಆಸೆಗೆ, ಒಂದು ಮನೆ ಕಟ್ಟಿಕೊಳ್ಳುವ ಕನಸಿಗೆ, ಮಾಲೀಕನ ಮಗ ಮಾಡಿದ ಅಪಘಾತವನ್ನು ಡ್ರೈವರ್ ಮನು ತನ್ನ ತಲೆಗೆ ಕಟ್ಟಿಕೊಂಡು ಜೈಲಿಗೆ ಹೋಗುತ್ತಾನೆ. ಹುಡುಗರು ಕಣ್ಣೀರು ಹಾಕಿದ್ದರು. ಮೇಷ್ಟ್ರು ಮಾತ್ರ ‘ಇಂಥ ದಡ್ಡನನ್ನು ಹೀರೋ ಮಾಡಿದ್ದಾರಲ್ಲ’ ಎಂದು ಚಿತ್ರವನ್ನೇ ತಳ್ಳಿಹಾಕಿದರು. ವಾದ ಬಿಸಿಯೇರಿದ ಮೇಲೆ ಯಾರೋ ಕೇಳಿದರು, ‘ಅವನು ಮಾಡಿದ್ದು ಸರಿ ಅಂತ ಸಿನಿಮಾ ಎಲ್ಲಾದರೂ ಹೇಳುತ್ತಾ ಸಾರ್?’ ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ಇಲ್ಲ ಎಂದರು. ಎರಡನೆಯ ಭಾಗದ ಉದ್ದದ ಬಗ್ಗೆ ಅವರ ತಕರಾರು ಹಾಗೇ ಉಳಿಯಿತು. ಅದಕ್ಕೆ ಅವರು ಕೊಟ್ಟ ಕಾರಣಗಳನ್ನು ಹುಡುಗರೂ ಒಪ್ಪಿದರು. ಮೆಚ್ಚದವರ ಮಾತನ್ನು ಪೂರ್ತಿ ಕೇಳುವುದು ಎಷ್ಟು ಮುಖ್ಯವೆಂದು ನನಗೆ ಮನದಟ್ಟಾದದ್ದು ಅಂದು. ಸಕಾರಣವಾದ ಒಂದು ತಕರಾರು, ಹತ್ತು ಹೊಗಳಿಕೆಗಿಂತ ಹೆಚ್ಚು ಕಲಿಸುತ್ತದೆ.

ಎಲ್ಲಿ, ಹೇಗೆ ನೋಡಿದೆವೆಂಬುದನ್ನೂ ಹೇಳಬೇಕು. ‘ಕಾಂತಾರ’ದ ಕೊನೆಯ ಭಾಗವನ್ನು 2022ರಲ್ಲಿ ತುಂಬಿದ ಥಿಯೇಟರಿನಲ್ಲಿ ನೋಡಿದವರೂ, ಬಸ್ಸಿನಲ್ಲಿ ಮೊಬೈಲಿನಲ್ಲಿ ತುಂಡು ತುಂಡಾಗಿ ನೋಡಿದವರೂ ಒಂದೇ ಚಿತ್ರದ ಬಗ್ಗೆ ಮಾತಾಡುತ್ತಿಲ್ಲ. ಇನ್ನು ಗುಟ್ಟು ಬಿಟ್ಟುಕೊಡದಿರುವುದು ಸಣ್ಣ ಸೌಜನ್ಯ. ‘ರಂಗಿತರಂಗ’ದಂಥ ಚಿತ್ರದ ಕೊನೆಯನ್ನು ಮೊದಲೇ ಹೇಳಿಬಿಟ್ಟರೆ ಇನ್ನೊಬ್ಬರ ಎರಡೂವರೆ ಗಂಟೆಯ ಸಂತೋಷವನ್ನು ಕಿತ್ತುಕೊಂಡಂತೆ.

ಹೀಗೆ ಕೂತು ಮಾತಾಡುವುದು ನಮ್ಮ ನಾಡಿಗೆ ಹೊಸದಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಸತ್ಯಜಿತ್ ರಾಯ್, ಕುರೊಸಾವಾರ ಚಿತ್ರಗಳನ್ನು ತೋರಿಸಿದರು. ಪುಣೆಯ ಸತೀಶ್ ಬಹಾದ್ದೂರ್ ಅವರನ್ನು ಕರೆಸಿ ಚಿತ್ರ ರಸಗ್ರಹಣ ಶಿಬಿರ ನಡೆಸಿದರು. ಬೆಂಗಳೂರಿನಲ್ಲಿ ಸುಚಿತ್ರ ಫಿಲ್ಮ್ ಸೊಸೈಟಿ 1971ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಒಳ್ಳೆಯ ಚಿತ್ರಗಳ ಜೊತೆಗೆ ಒಳ್ಳೆಯ ಪ್ರೇಕ್ಷಕರನ್ನೂ ಬೆಳೆಸಬೇಕೆಂದು ನಂಬಿದವರು ಅವರು. ನಮ್ಮ ಕೂಟ ಚಿಕ್ಕದು, ಆದರೆ ಆ ನಂಬಿಕೆ ನಮ್ಮದೂ ಹೌದು.

ಕೊನೆಯ ಪಾಠವೇ ನನಗೆ ಎಲ್ಲಕ್ಕಿಂತ ದೊಡ್ಡದು: ಹೇಳುವುದನ್ನು ಹೊತ್ತಿಗೆ ಸರಿಯಾಗಿ ಹೇಳಬೇಕು. ಶುಕ್ರವಾರ ಬಿಡುಗಡೆಯಾಗುವ ಸಣ್ಣ ಚಿತ್ರಕ್ಕೆ ಮಲ್ಟಿಪ್ಲೆಕ್ಸಿನಲ್ಲಿ ಸಿಗುವುದು ಒಂದೋ ಎರಡೋ ಶೋ, ಅದೂ ಜನ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ. ಶನಿವಾರ, ಭಾನುವಾರ ಸೀಟು ತುಂಬದಿದ್ದರೆ ಸೋಮವಾರ ಆ ಶೋ ಬೇರೆ ಚಿತ್ರಕ್ಕೆ ಹೋಗುತ್ತದೆ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ತೆರೆಕಂಡಾಗ ಥಿಯೇಟರಿನಲ್ಲಿ ನಿಲ್ಲಲಿಲ್ಲ. ಇಂದು ಅದನ್ನು ಹೊಗಳುವವರಲ್ಲಿ ಬಹುಪಾಲು ಜನ ನೋಡಿದ್ದು ಆಮೇಲೆ. ಇದಕ್ಕೆ ಪ್ರತಿಯಾಗಿ, ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ 2025ರ ಜುಲೈಯಲ್ಲಿ ದೊಡ್ಡ ಸ್ಟಾರ್‌ಗಳಿಲ್ಲದೆ ಬಂದು, ನೋಡಿದವರ ಬಾಯಿಮಾತಿನಿಂದಲೇ ಹಬ್ಬಿತು. ಮೊದಲ ದಿನಗಳಲ್ಲಿ ನೋಡಿದವರು ಮನೆಯವರಿಗೆ, ಆಫೀಸಿನವರಿಗೆ, ಪಕ್ಕದ ಮನೆಯವರಿಗೆ ಹೇಳಿದರು, ಶೋಗಳು ಹೆಚ್ಚಿದವು. ಚಿತ್ರ ಉಳಿಯುವುದೋ ಹೋಗುವುದೋ ಎಂಬುದನ್ನು ತೀರ್ಮಾನಿಸುವ ಶಕ್ತಿ ಸಾಮಾನ್ಯ ಪ್ರೇಕ್ಷಕನ ನಾಲಿಗೆಗೂ ಇದೆ ಎಂದು ಅದು ತೋರಿಸಿಕೊಟ್ಟಿತು.

ಅದಕ್ಕೇ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಬರುವ ಶುಕ್ರವಾರ ಬಿಡುಗಡೆಯಾಗುವ ಕನ್ನಡ ಚಿತ್ರಗಳಲ್ಲಿ ಪೋಸ್ಟರ್ ಹೆಚ್ಚು ಕಾಣದ ಒಂದನ್ನು ಆರಿಸಿಕೊಂಡು ಭಾನುವಾರದೊಳಗೆ ನೋಡಿ. ಇಷ್ಟವಾದರೆ ಯಾಕೆ ಇಷ್ಟವಾಯಿತೆಂದು, ಆಗದಿದ್ದರೆ ಯಾಕೆ ಆಗಲಿಲ್ಲವೆಂದು, ಒಂದು ದೃಶ್ಯ ಹಿಡಿದು ನಾಲ್ಕು ಜನಕ್ಕೆ ಹೇಳಿ. ಆ ಮಾತನ್ನು ಸೋಮವಾರದವರೆಗೆ ಮುಂದೂಡಬೇಡಿ.